ಮಾತಾಡುವ ಡಬ್ಬಿಗೆ ಎಡೆ

ಯಲಬುರ್ಗಾದ ಸರಕಾರಿ ಹೈಸ್ಕೂಲಿಗೆ ನಾನು ಗ್ರಂಥಪಾಲಕನಾಗಿ ಹೋದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಬಾಗಿಲ ಮೇಲೆ ‘ಗ್ರಂಥಾಲಯ’ ಎಂದು ಬರೆದಿತ್ತು. ಒಳಗೆ ಅರ್ಧ ಕೋಣೆ ಪುಸ್ತಕದ ಕಪಾಟು, ಇನ್ನರ್ಧ ಕಾಲು ಮುರಿದ ಬೆಂಚು. ಕಪಾಟುಗಳಿಗೆ ಸದಾ ಕೀಲಿ ಹಾಕಿರಬೇಕೆಂದು ಹೆಡ್‌ಮಾಸ್ತರು ಮೊದಲ ದಿನವೇ ತಾಕೀತು ಮಾಡಿದರು. ಹಾಗಾದರೆ ಹುಡುಗರು ಓದುವುದು ಹೇಗೆ ಎಂದು ಕೇಳಿದೆ. “ಓದಿದ್ರ ಪುಸ್ತಕ ಹರೀತಾವು ನೋಡ್ರಿ,” ಎಂದರು. ಅವರೇನೂ ಕೆಟ್ಟವರಲ್ಲ. ಸರಕಾರಿ ಸಾಮಾನು ಎಂದರೆ ನಿದ್ದೆಯಲ್ಲೂ ಬೆಚ್ಚಿ ಬೀಳುವ ಮನುಷ್ಯ, ಅಷ್ಟೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಆ ವಾರವೆಲ್ಲ ನಾವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಮರುವರ್ಷ ಮೇಲಿನ ಕಚೇರಿಯಿಂದ ಒಂದು ಟೇಪ್ ರೆಕಾರ್ಡರ್ ಬಂತು. ಕಪ್ಪು ಬಣ್ಣದ್ದು, ಹಾಸಿಟ್ಟ ಸ್ಲೇಟಿನಷ್ಟು ಅಗಲ. ಮುಂದೆ ಸಾಲಾಗಿ ಗುಂಡಿಗಳು, ಮೇಲೆ ಕ್ಯಾಸೆಟ್ ಹಾಕುವ ಮುಚ್ಚಳ, ಜೊತೆಗೆ ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುವ ವೈರು ಮತ್ತು ಒಂದಷ್ಟು ಖಾಲಿ ಕ್ಯಾಸೆಟ್. ಹೆಡ್‌ಮಾಸ್ತರು ಅದನ್ನು ಒಮ್ಮೆ ಬಿಚ್ಚಿ ನೋಡಿ, ಟವೆಲಿನಲ್ಲಿ ಸುತ್ತಿ, ನನ್ನ ಕಪಾಟಿನ ಮೇಲಿನ ಅರೆಯಲ್ಲಿಟ್ಟು ಕೀಲಿ ಹಾಕಿಸಿದರು. ಮಕ್ಕಳ ಕಲಿಕೆಗೆಂದು ಬಂದ ವಸ್ತು ಮಕ್ಕಳ ಕಣ್ಣಿಗೇ ಬೀಳದೆ ಮಲಗಿತು.

ಆ ಜೂನಿನಲ್ಲಿ ಒಬ್ಬ ಹುಡುಗಿ ಬಂದಳು. ಹೊಸಬಳೇನಲ್ಲ, ಒಂಬತ್ತನೆಯ ತರಗತಿಯವರೆಗೆ ಅಲ್ಲೇ ಓದಿದವಳು, ಲೆಕ್ಕದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದಳಂತೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಒಂದು ವರ್ಷ ಮನೆಯಲ್ಲಿ ಕೂತಿದ್ದಳು. ಈಗ ತಾಯಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಹೆಡ್‌ಮಾಸ್ತರ ಮೇಜಿನ ಮುಂದೆ ನಿಂತಿದ್ದಳು.

“ಬೋರ್ಡಿನ ಮ್ಯಾಲೆ ಬರದದ್ದು ಹೆಂಗ ನೋಡತಾಳ ಯಮ್ಮಾ?” ಎಂದರು ಹೆಡ್‌ಮಾಸ್ತರು.

“ಕಿವಿ ಅದಾವಲ್ರಿ ಸಾಹೇಬ್ರ,” ಎಂದಳು ತಾಯಿ.

ಆ ತಾಯಿ ಗಂಡ ತೀರಿಕೊಂಡ ಮೇಲೆ ಹತ್ತಿರದ ಹಳ್ಳಿಯ ತವರಿನಲ್ಲಿದ್ದಳು. ಕಂಡವರ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಹತ್ತನೆಯದು ಪಾಸಾದರೆ ಧಾರವಾಡದ ಕಡೆ ಕಣ್ಣಿಲ್ಲದವರಿಗೆ ಮಾಸ್ತರಿಕೆ ಕಲಿಸುವ ಸಾಲೆಯೊಂದಿದೆ, ಊಟ ವಸತಿ ಅವರದೇ ಎಂದು ದವಾಖಾನೆಯಲ್ಲಿ ಯಾರೋ ಹೇಳಿದ್ದರು. ಆಕೆ ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಆದರೆ ಆಕೆಯ ಅಣ್ಣಂದಿರು ಒಂದೇ ವರ್ಷ ಎಂದಿದ್ದರು. “ಒಂದ ವರ್ಷ ನೋಡು, ಪಾಸಾದ್ರ ಆತು. ಇಲ್ಲಂದ್ರ ಮತ್ತ ಸಾಲಿ ಸುದ್ದಿ ತಗೀಬ್ಯಾಡ.” ಹೆಡ್‌ಮಾಸ್ತರು ಬಹಳ ಹೊತ್ತು ಮೂಗು ಉಜ್ಜಿಕೊಂಡು, ಕೊನೆಗೆ ಹೂಂ ಎಂದರು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೊಡಬಹುದು ಎಂಬುದೂ ಗೊತ್ತಾಯಿತು. ಪ್ರಶ್ನೆ ಇದ್ದದ್ದು ಪರೀಕ್ಷೆಯದಲ್ಲ, ಅಲ್ಲಿಯವರೆಗಿನದು.

ತರಗತಿಯಲ್ಲಿ ಒಮ್ಮೆ ಕೇಳಿದ್ದು ಎಷ್ಟು ನಿಂತೀತು? ಉಳಿದವರು ಮನೆಗೆ ಹೋಗಿ ಪುಸ್ತಕ ತೆರೆಯುತ್ತಿದ್ದರು. ಇವಳಿಗೆ ತೆರೆಯಲು ಏನೂ ಇರಲಿಲ್ಲ. ಆಗ ನನ್ನ ತಲೆಗೆ ಕಪಾಟಿನ ಮೇಲಿನ ಅರೆ ಹೊಳೆಯಿತು. ಹೆಡ್‌ಮಾಸ್ತರ ಬೆನ್ನು ಹತ್ತಿದೆ. ಹೊರಗೆ ಒಯ್ಯುವುದಿಲ್ಲ, ನಾನಿಲ್ಲದಾಗ ಯಾರೂ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟೆ. “ಹಾಳಾದ್ರ ನಿಮ್ಮ ಕೊಳ್ಳಿಗಿ ಬರತೈತಿ ನೋಡ್ರಿ ಮತ್ತ,” ಎಂದು ಕೀಲಿ ಎಸೆದರು. ಎಸೆದರೂ ಚಿಂತೆಯಿಲ್ಲ, ಕೊಟ್ಟರಲ್ಲ.

ವಿಜ್ಞಾನದ ಮಾಸ್ತರರು ಗಂಗಾವತಿ ಕಡೆಯವರು. ದನಿ ಎಂದರೆ ದನಿ, ಬಸ್ ಸ್ಟ್ಯಾಂಡಿಗೆ ಕೇಳಬೇಕು. ನನ್ನ ಮಾತು ಕೇಳಿ ಅವರಿಗೆ ಹುರುಪು ಬಂತು. ಸಾಲೆ ಬಿಟ್ಟ ಮೇಲೆ ಗ್ರಂಥಾಲಯದ ಕಿಟಕಿ ಮುಚ್ಚಿ, ಒಂದು ಗುಂಡಿಯ ಮೇಲೆ ನಾನು ಬೆರಳಿಟ್ಟು ಕೂತರೆ ಅವರು ಪಾಠ ಶುರು ಮಾಡುತ್ತಿದ್ದರು. ಎಷ್ಟು ಮುಚ್ಚಿದರೂ ಹೊರಗಿನದೆಲ್ಲ ಒಳಗೆ ಬರುತ್ತಿತ್ತು. ಸಣ್ಣ ಕರುಳಿನ ಪಾಠದ ನಡುವೆ ಕುಷ್ಟಗಿಯ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆಮ್ಲ–ಪ್ರತ್ಯಾಮ್ಲದ ನಡುವೆ ಯಾರದೋ ಮೇಕೆ ಒದರಿತು. ಕಣ್ಣಿನ ರಚನೆಯ ಪಾಠ ಬಂದಾಗ ಮಾಸ್ತರರು ತಡವರಿಸಿ, ಇದನ್ನು ಬಿಡೋಣವೇ ಎಂಬಂತೆ ನನ್ನ ಮುಖ ನೋಡಿದರು. ಹುಡುಗಿ ಮೂಲೆಯಲ್ಲೇ ಕೂತಿದ್ದಳು. ಅವರು ಸುಮ್ಮನಾದದ್ದು ಯಾಕೆಂದು ಅವಳಿಗೆ ಗೊತ್ತಾಯಿತು.

“ಹೇಳ್ರಿ ಸರ, ಅದರಾಗ ಪ್ರಶ್ನಿ ಬಂದ ಬರತೈತಿ,” ಎಂದಳು.

ಅಂದಿನಿಂದ ಸಂಜೆ ನಾಲ್ಕೂವರೆಯ ಮೇಲೆ ಅವಳು ನನ್ನ ಮೇಜಿನ ಬಳಿ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುವುದು. ಗುಂಡಿಗಳನ್ನೆಲ್ಲ ಬೆರಳಲ್ಲೇ ಗುರುತು ಹಿಡಿದಿದ್ದಳು. ಹಿಂದಕ್ಕೆ ಓಡಿಸುವುದು, ನಿಲ್ಲಿಸುವುದು, ಮತ್ತೆ ಕೇಳುವುದು. ಕರೆಂಟು ಹೋದ ಸಂಜೆ ಶೆಲ್ಲು ಹಾಕಿಕೊಡುತ್ತಿದ್ದೆ. ಪಾಠ ಒಪ್ಪಿಸಲು ಹೇಳಿದರೆ ಹೊರಗಿನ ಗದ್ದಲವನ್ನೂ ಸೇರಿಸಿಯೇ ಒಪ್ಪಿಸುವಳು. “ಇಲ್ಲಿ ಬಸ್ ಬರತೈತ್ರಿ ಸರ. ಬಸ್ ಹ್ವಾದ ಮ್ಯಾಲೆ ಸಣ್ಣ ಕರುಳು.” ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಅವಳೂ ನಗುತ್ತಿದ್ದಳು. ಆ ಎರಡು ತಿಂಗಳು ನನ್ನ ನೌಕರಿಯಲ್ಲಿ ನಾನು ಸಂಬಳಕ್ಕೆ ತಕ್ಕ ಕೆಲಸ ಮಾಡಿದ ದಿನಗಳು ಎಂದು ಈಗಲೂ ಅನ್ನಿಸುತ್ತದೆ.

ತಾಯಿ ಹೊಲದಿಂದ ನೇರ ಬಂದು ಹೊಸ್ತಿಲಾಚೆ ಕೂಡುತ್ತಿದ್ದಳು. ಕುಡಗೋಲು ಪಕ್ಕಕ್ಕಿಟ್ಟು, ಮಗಳನ್ನೂ ಆ ಡಬ್ಬಿಯನ್ನೂ ನೋಡುತ್ತಾ. ಡಬ್ಬಿಯ ದನಿ ಆಕೆಗೆ ಕೇಳಿಸುತ್ತಿರಲಿಲ್ಲ, ಅದು ಮಗಳ ಕಿವಿಗಷ್ಟೇ ಹೋಗುತ್ತಿತ್ತು. ಒಳಗೆ ಬಾ ಯಕ್ಕಾ ಎಂದರೆ ಬರುತ್ತಿರಲಿಲ್ಲ. ಎದ್ದು ಹೋಗುವಾಗ ಡಬ್ಬಿಯ ಕಡೆ ಒಮ್ಮೆ ಕೈಮುಗಿಯುವಳು. ಅದನ್ನು ನೋಡಿ ನಾನು ಮೀಸೆಯಡಿಯಲ್ಲೇ ನಗುತ್ತಿದ್ದೆ.

ಆಗಸ್ಟಿನಲ್ಲಿ ವಿಜ್ಞಾನದ ಮಾಸ್ತರರಿಗೆ ಗಂಗಾವತಿಗೆ ವರ್ಗವಾಯಿತು. ಅವರು ವರ್ಷಗಟ್ಟಲೆ ಕೇಳಿಕೊಂಡಿದ್ದ ವರ್ಗ, ಬೇಡ ಎನ್ನುವುದು ಹೇಗೆ? ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮಳೆ ನಂಬಿದ ಆ ಒಣ ಊರಿಗೆ ಮನಸ್ಸು ಮಾಡಿ ಬರುವವರೂ ಕಡಿಮೆ. ಉಳಿದ ಹುಡುಗರು ಗೈಡುಗಳನ್ನು ತಂದುಕೊಂಡರು. ಈ ಹುಡುಗಿಗೆ ವಿಜ್ಞಾನ ಎಂದರೆ ಆ ಕ್ಯಾಸೆಟ್‌ಗಳೇ ಎಂದಾಯಿತು. ಹೋಗುವ ಮೊದಲು ಮಾಸ್ತರರು ಪುಸ್ತಕದ ಅಷ್ಟೂ ಪಾಠಗಳನ್ನು ಗಂಟಲು ಹರಿದುಕೊಂಡು ತುಂಬಿಸಿ ಕೊಟ್ಟುಹೋಗಿದ್ದರು, ಪುಣ್ಯಾತ್ಮರು. ಒಂದೊಂದನ್ನೂ ಬಾಯಿಪಾಠವಾಗುವವರೆಗೆ ಕೇಳುತ್ತಿದ್ದಳು, ದಸರೆಯ ಹೊತ್ತಿಗೂ ಅರ್ಧದಷ್ಟು ಕೇಳುವುದು ಉಳಿದಿತ್ತು. ದಸರೆಯ ರಜೆ ಮುಗಿದ ಮೇಲೆ ದಿನಕ್ಕೊಂದು ಪಾಠ ಎಂದು ನಾವು ಮಾತಾಡಿಕೊಂಡೆವು.

ಖಂಡೇ ಪೂಜೆಯ ದಿನ ನಮ್ಮ ಕಡೆ ಉಪಯೋಗದ ಸಾಮಾನನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಎಡೆ ಹಿಡಿದು, ಹಾಗೇ ಇಡುತ್ತೇವೆ. ಮರುದಿನದವರೆಗೆ ಅವನ್ನು ಕದಲಿಸುವಂತಿಲ್ಲ. ಸಾಲೆಯಲ್ಲೂ ಪೂಜೆ. ಗಂಟೆ, ಟೈಪ್‌ರೈಟರು, ಗ್ಲೋಬು, ಫುಟ್‌ಬಾಲು, ಎಲ್ಲವನ್ನೂ ನನ್ನ ಕೋಣೆಯಲ್ಲೇ ಸಾಲಾಗಿ ಇಡುವ ರೂಢಿ. ನಾನು ಹಬ್ಬಕ್ಕೆ ಕುಷ್ಟಗಿಯ ನಮ್ಮ ಮನೆಗೆ ಹೊರಟಿದ್ದೆ. ಹೆಡ್‌ಮಾಸ್ತರು ಕೀಲಿ ಕೇಳಿ ತೆಗೆದುಕೊಂಡರು. ಟೇಪ್ ರೆಕಾರ್ಡರಿಗೆ ಒಂದು ಕುಂಕುಮದ ಬೊಟ್ಟು ಸಾಕು ಎಂದು ನಾನು ಎರಡು ಸಲ ಹೇಳಿದ್ದೆ, ಅವರೂ ಅಷ್ಟನ್ನೇ ಹಚ್ಚಿದರಂತೆ.

ಅವರು ಪೂಜೆ ಮುಗಿಸಿ ಊಟಕ್ಕೆ ಹೋದ ಮೇಲೆ ಆ ತಾಯಿ ಬಂದಳು. ಮಗಳನ್ನು ಮನೆಯಲ್ಲಿ ಬಿಟ್ಟು ಒಬ್ಬಳೇ, ತಟ್ಟೆಯಲ್ಲಿ ಹೋಳಿಗೆ ಮುಚ್ಚಿಕೊಂಡು ನಡೆದು ಬಂದಿದ್ದಳು. ಹಬ್ಬದ ದಿನ ತಟ್ಟೆ ಹಿಡಿದು ಬಂದ ಹೆಣ್ಣುಮಗಳನ್ನು ಜವಾನ ಬೇಡ ಎನ್ನಲಿಲ್ಲ, ಯಾರಾದರೂ ಅನ್ನುತ್ತಿರಲಿಲ್ಲ. ಆಕೆ ಕುಡಗೋಲಿಗೆ ಮಾಡುವಂತೆಯೇ ಮಾಡಿದಳು. ಚೆಂಬಿನ ನೀರಿನಿಂದ ಟೇಪ್ ರೆಕಾರ್ಡರನ್ನು ಚೆನ್ನಾಗಿ ತೊಳೆದು, ಸೆರಗಿನಿಂದ ಒರೆಸಿ, ವಿಭೂತಿ ಎಳೆದಳು. ಅದು ಮಾತಾಡುವ ವಸ್ತು, ಅಂದಮೇಲೆ ಬಾಯಿ ಇರಲೇಬೇಕು. ಮಗಳು ಗುಂಡಿ ಒತ್ತಿ ಮುಚ್ಚಳ ತೆರೆಯುವುದನ್ನು ದಿನವೂ ನೋಡಿದ್ದಳಲ್ಲ, ಹಾಗೆಯೇ ಒತ್ತಿ ತೆರೆದಳು. ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಒಳಗಿಟ್ಟು, ಮುಚ್ಚಳ ಹಾಕಿ, ಅಡ್ಡಬಿದ್ದು ಹೋದಳು.

ಹೆಡ್‌ಮಾಸ್ತರು ಸಂಜೆ ಬಂದು ಕೋಣೆಗೆ ಬೀಗ ಹಾಕಿದರು. ಮುಚ್ಚಳದೊಳಗೆ ಏನಿದೆಯೆಂದು ಅವರಿಗೇನು ಗೊತ್ತು? ರಜೆ ಮುಗಿಯುವವರೆಗೆ ಆ ಬೀಗ ತೆರೆಯಲಿಲ್ಲ.

ನಾನು ಬಂದು ಬಾಗಿಲು ತೆಗೆದಾಗ ಮೇಜಿನ ಮೇಲೆ ಕೆಂಪಿರುವೆಗಳ ಸಾಲು. ಮುಚ್ಚಳ ತೆರೆದರೆ ಒಳಗೆ ಹೋಳಿಗೆ ಕಲ್ಲಾಗಿ ಹಲ್ಲುಗಾಲಿಗಳಿಗೆ ಅಂಟಿಕೊಂಡಿತ್ತು. ತುಪ್ಪ ಕೆಳಗಿಳಿದು, ಇರುವೆಗಳು ಅಲ್ಲೇ ಸಂಸಾರ ಹೂಡಿದ್ದವು. ಜವಾನ ನಡೆದದ್ದನ್ನೆಲ್ಲ ಹೇಳಿದ. ನಾನು ತಲೆ ಚಚ್ಚಿಕೊಂಡೆ. ಚಿಮಣಿ ಎಣ್ಣೆ, ಹತ್ತಿ, ಹೇರ್‌ಪಿನ್ನು ಹಿಡಿದು ಇಡೀ ಮಧ್ಯಾಹ್ನ ಕೂತು ತೆಗೆದೆ. ಬಿಸಿಲಿಗಿಟ್ಟೆ. ಕರೆಂಟಿಗೆ ಹಚ್ಚಿದರೆ ಗಾಲಿ ಅರ್ಧ ಸುತ್ತು ತಿರುಗಿ, ಸುಟ್ಟ ವಾಸನೆ ಬಂದು, ನಿಂತುಹೋಯಿತು. ಕ್ಯಾಸೆಟ್‌ಗಳು ಕಪಾಟಿನೊಳಗೆ ಸುರಕ್ಷಿತವಾಗಿದ್ದವು. ಮಾಸ್ತರರ ದನಿ ಅಷ್ಟೂ ನನ್ನ ಕೈಯಲ್ಲಿತ್ತು, ಹೊರಗೆ ತೆಗೆಯುವ ದಾರಿ ಮಾತ್ರ ಇರಲಿಲ್ಲ.

ಸಂಜೆ ತಾಯಿ ಮಗಳು ಬಂದರು. ತಾಯಿಗೆ ಬಯ್ಯಬೇಕೆಂದು ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆಕೆಯೇ ಮೊದಲು ಬಾಯಿ ತೆರೆದಳು.

“ನೀವ ಇರಲಿಲ್ರಿ ಸರ. ಹಬ್ಬ ಛಲೋ ಮಾಡಿದ್ನಿ. ಊರಾಗಿನ ದ್ಯಾವ್ರು ನನ್ನ ಮಗಳಿಗಿ ಏನೂ ಕೊಡಲಿಲ್ಲ, ಈ ದ್ಯಾವ್ರು ಇದ್ಯಾ ಕೊಡಾಕತ್ತೈತಿ. ಬಾಯಿತುಂಬ ಹೋಳಗಿ ಇಟ್ಟೀನ್ರಿ.”

ಮುಖವೆಲ್ಲ ನಗು. “ಛಲೋ ಆತು ಬಿಡ ಯಕ್ಕಾ,” ಎಂದೆ. ಬೇರೆ ಏನನ್ನಬೇಕು? ಆ ಹೋಳಿಗೆಯ ಬೇಳೆ ಬೆಲ್ಲ ಆಕೆ ಯಾರ ಮನೆಯಿಂದ ಕೇಳಿ ತಂದಿದ್ದಳೋ.

ಹುಡುಗಿ ಒಳಗೆ ಬಂದು ಕೂತಳು, ಕಿವಿಗೆ ವೈರು ಹಾಕಿದಳು, ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಮುಚ್ಚಳದೊಳಗೆ ಬೆರಳಾಡಿಸಿದಳು. ಬೆರಳನ್ನು ಮೂಗಿನ ಬಳಿ ಹಿಡಿದಳು. ಹೊಸ್ತಿಲಾಚೆ ಆಕೆಯ ತಾಯಿ ಕುಡಗೋಲು ಪಕ್ಕಕ್ಕಿಟ್ಟು ಆಗಷ್ಟೇ ಕೂತಿದ್ದಳು. ಹುಡುಗಿ ನನ್ನ ಕಡೆ ಬಾಗಿ, ತೀರ ಸಣ್ಣ ದನಿಯಲ್ಲಿ, “ನಮ್ಮವ್ವಗ ಹೇಳಬ್ಯಾಡ್ರಿ ಸರ,” ಎಂದಳು. ಆಮೇಲೆ ಒಂದು ತಾಸು ಹಾಗೆಯೇ ಕೂತಳು. ನಡುನಡುವೆ ನಿಲ್ಲಿಸುವ ಗುಂಡಿಯನ್ನೂ ಒತ್ತಿದಳು.

ರಿಪೇರಿ ಮಾಡಿಸೋಣವೆಂದರೆ ಹೆಡ್‌ಮಾಸ್ತರು ಕೈ ಮುಗಿದರು. ಸರಕಾರಿ ಯಂತ್ರವನ್ನು ಖಾಸಗಿಯವನ ಕೈಗೆ ಕೊಡಲು ಮೇಲಿನಿಂದ ಮಂಜೂರಿ ಬೇಕು. ಕಾಗದ ಬರೆದೆವು, ನೆನಪಿಸಿ ಇನ್ನೊಂದು ಬರೆದೆವು. ಉತ್ತರವಿಲ್ಲ. ನನಗೆ ತಡೆಯದಾಯಿತು. ಒಂದು ಭಾನುವಾರ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಹೆಡ್‌ಮಾಸ್ತರಿಗೆ ಗೊತ್ತಿತ್ತು, ಅವರು ಚೀಲದಲ್ಲೇನಿದೆ ಎಂದು ಕೇಳಲಿಲ್ಲ. ಅವರ ಲೆಕ್ಕದಲ್ಲಿ ಅದೇ ದೊಡ್ಡ ಧೈರ್ಯ.

ಕಾಲುವೆ ನೀರಿನ ಊರು, ಭತ್ತದ ದುಡ್ಡು, ರೇಡಿಯೋ ಅಂಗಡಿಗಳಿಗೆ ಬರವಿಲ್ಲ. ರಿಪೇರಿಯವನು ತಳ ಬಿಚ್ಚಿ ನೋಡಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಇದಕ್ಕ ಏನ್ ತಿನ್ನಿಸಿದ್ರಿ ಸಾರ್?” ಎಂದು ಕೇಳಿದ. ಹೋಳಿಗೆ ಎಂದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಮೋಟರು ಸುಟ್ಟಿದೆ, ಕ್ಯಾಸೆಟ್ಟಿನ ದನಿ ಹಿಡಿಯುವ ಹೆಡ್ಡು ತುಕ್ಕು ಹಿಡಿದಿದೆ, ಈ ಕಂಪನಿಯ ಸಾಮಾನು ಹೈದರಾಬಾದಿನಿಂದ ಬರಬೇಕು, ಬಂದರೆ ಬಂತು ಎಂದ. ವಿಜ್ಞಾನದ ಮಾಸ್ತರರ ಮನೆ ಹುಡುಕಿಕೊಂಡು ಹೋದೆ. ಊಟ ಹಾಕಿದರು, ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಹೊಸ ಸಾಲೆಯಲ್ಲಿ ಅವರಿಗೂ ರಜೆ ಸಿಗುವಂತಿರಲಿಲ್ಲ. “ಹೇಳಿದ್ದೆಲ್ಲಾ ಹೇಳಿ ಬಂದೀನಲ್ರಿ. ನನ್ನ ದನಿ ಅಲ್ಲೇ ಐತಲ್ರಿ,” ಎಂದರು. ಐತಿ, ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಚೀಲವನ್ನು ಕಿಟಕಿಯಾಚೆ ಎಸೆದುಬಿಡಲೇ ಅನ್ನಿಸಿತು.

ಬಸ್ ಸ್ಟ್ಯಾಂಡಿನ ಹೋಟೆಲಿನವನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಕಾಡಿ ಬೇಡಿ ಒಂದು ಮಧ್ಯಾಹ್ನಕ್ಕೆ ತಂದೆ. ಕ್ಯಾಸೆಟ್ ಹಾಕಿದೊಡನೆ ಮಾಸ್ತರರ ದನಿ ಕೋಣೆತುಂಬ ಬಂತು. ಹುಡುಗಿ ಎರಡೂ ಕೈ ಮೇಜಿನ ಮೇಲೆ ಚಾಚಿ ಕೇಳಿದಳು. ಬಸ್ಸಿನ ಹಾರ್ನ್ ಬಂದಾಗ ನಕ್ಕಳು. ಒಂದು ಕ್ಯಾಸೆಟ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಹೋಟೆಲಿನವನು ತಾನೇ ಬಂದ. “ಹಾಡಿಲ್ಲಂದ್ರ ಮಂದಿ ಎದುರಿನ ಹೋಟೆಲ್ಲಿಗಿ ಹೊಂಟಾರ್ರಿ ಸರ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ.” ಅವನದೂ ಸುಳ್ಳಲ್ಲ. ಮೈಕ್ ಸೆಟ್ ಬಾಡಿಗೆ ಕೊಡುವವನಿಗೆ ಲಗ್ನದ ಕಾಲ, ಅವನಂತೂ ಸಿಗಲೇ ಇಲ್ಲ.

ಇನ್ನು ಉಳಿದದ್ದು ನಾನು ಓದಿ ಹೇಳುವುದು. ಓದಿದೆ. ನಾನು ಕಲಾ ವಿಭಾಗದವನು. ‘ಚಿತ್ರದಲ್ಲಿ ತೋರಿಸಿರುವಂತೆ’ ಎಂದು ಪುಸ್ತಕದಲ್ಲಿ ಬಂದ ಕಡೆಯೆಲ್ಲ ನನ್ನ ಬಾಯಿ ಕಟ್ಟುತ್ತಿತ್ತು. ಮಾಸ್ತರರು ಅವಳ ಬೆರಳು ಹಿಡಿದು ಮೇಜಿನ ಮೇಲೆ ಗೆರೆ ಎಳೆದು ತಿಳಿಸಿದ್ದೇ ಬೇರೆ, ನಾನು ಅಕ್ಷರ ಒದರುವುದೇ ಬೇರೆ. “ಇದರ ಅರ್ಥ ಏನ್ರಿ ಸರ?” ಎಂದು ಅವಳು ಕೇಳಿದರೆ ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದೆ. ಅಷ್ಟರಲ್ಲಿ ಮತದಾರರ ಯಾದಿಯ ಕೆಲಸಕ್ಕೆ ನನ್ನನ್ನು ಹಳ್ಳಿಗಳಿಗೆ ಹಾಕಿದರು. ಆಗುವುದಿಲ್ಲ ಎಂದು ಹೆಡ್‌ಮಾಸ್ತರ ಮುಂದೆ ಕೂಗಾಡಿದೆ. “ಹುಕುಂ ನಂದಲ್ರಿ,” ಎಂದರು. ನಿಜ, ಅವರದಲ್ಲ. ಈ ಇಡೀ ಸಂಗತಿಯಲ್ಲಿ ಹಿಡಿದು ಬಡಿಯೋಣವೆಂದರೆ ನನಗೆ ಒಬ್ಬ ತಪ್ಪಿತಸ್ಥನೂ ಸಿಗಲಿಲ್ಲ. ನನ್ನಂಥ ಸಿಟ್ಟಿನವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಳ್ಳಿಯ ಕೆಲಸ ಮುಗಿಸಿ ಸಂಜೆ ಸಾಲೆಗೆ ಬಂದರೆ ಅದೇ ನೋಟ. ಜವಾನ ಕೋಣೆ ತೆಗೆದುಕೊಟ್ಟಿರುತ್ತಿದ್ದ. ಹುಡುಗಿ ಸತ್ತ ಡಬ್ಬಿಯ ಮುಂದೆ, ಕಿವಿಗೆ ವೈರು ಹಾಕಿಕೊಂಡು. ಹೊಸ್ತಿಲಾಚೆ ತಾಯಿ, ಮೈಯೆಲ್ಲ ಕಣ್ಣಾಗಿ. ಒಂದು ದಿನ ತಾಯಿ ನೀರು ಕುಡಿಯಲು ಎದ್ದುಹೋದಾಗ ಕೇಳಿದೆ, “ಇಷ್ಟೊತ್ತು ಕುಂತು ಏನ್ ಮಾಡತಿ ಬೇ?”

“ನೆನಪಿದ್ದಷ್ಟು ಕೇಳತೀನ್ರಿ,” ಎಂದಳು.

ನಾನು ಕಪಾಟಿನ ಕಡೆ ತಿರುಗಿ ಪುಸ್ತಕ ಜೋಡಿಸುವವನಂತೆ ನಿಂತೆ. ನನ್ನಿಂದ ಆಗುವಂಥದ್ದು ಅಲ್ಲಿ ಬೇರೆ ಏನೂ ಇರಲಿಲ್ಲ.

ಪರೀಕ್ಷೆ ಬಂತು, ಹೋಯಿತು. ವಿಜ್ಞಾನದ ದಿನ ಅವಳ ಉತ್ತರ ಬರೆದುಕೊಂಡ ಹುಡುಗಿ ಹೊರಗೆ ಬಂದು ನನಗೆ ಹೇಳಿದಳು, “ಅಕ್ಕ ಮೊದಲಿನ ಪಾಠ ಗಡಗಡ ಹೇಳಿದಳ್ರಿ. ಆಮ್ಯಾಲಿನ ಪ್ರಶ್ನಿಗೆ ಬಾಯೇ ತಗೀಲಿಲ್ಲ.” ಫಲಿತಾಂಶದ ದಿನ ಹೆಡ್‌ಮಾಸ್ತರು ಅಂಕಗಳನ್ನು ತಾವೇ ಓದಿದರು. ಉಳಿದ ಎಲ್ಲ ವಿಷಯಗಳಲ್ಲಿ ಪಾಸು, ಲೆಕ್ಕದಲ್ಲಂತೂ ತರಗತಿಗೇ ಮುಂದೆ. ವಿಜ್ಞಾನದಲ್ಲಿ ನಪಾಸು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಮತ್ತೆ ಕೂಡ್ರಿಸೋಣ ಎಂದು ಹೇಳಿಕಳಿಸಿದೆವು. ಅಣ್ಣಂದಿರು ಆಡಿದ ಮಾತಿಗೆ ಗಟ್ಟಿ ನಿಂತರು. ಹುಡುಗಿ ಮನೆಯಲ್ಲಿ ಸೇಂಗಾ ಸುಲಿಯುವ ಕೂಲಿಗೆ ಕೂತಳು, ಅದಕ್ಕೆ ಕಣ್ಣು ಬೇಕಿಲ್ಲವಲ್ಲ. ಮೇಲಿನ ಕಚೇರಿಯ ಉತ್ತರ ಆಮೇಲೆ ಬಂತು. ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು ಎಂದಿತ್ತು. ಓದಿ ನಗು ಬಂತು, ಸುಡುಗಾಡು ನಗು.

ಮುಂದಿನ ಖಂಡೇ ಪೂಜೆಗೆ ನಾನು ಊರಿಗೆ ಹೋಗಲಿಲ್ಲ. ಸಾಮಾನು ಸಾಲಾಗಿಟ್ಟು ಕುಂಕುಮ ಹಚ್ಚುತ್ತಿದ್ದೆ. ಬಾಗಿಲಲ್ಲಿ ತಾಯಿ ನಿಂತಿದ್ದಳು, ಕೈಯಲ್ಲಿ ಮುಚ್ಚಿದ ತಟ್ಟೆ. ಈ ಸಲ ಮಗಳೂ ಬಂದಿದ್ದಳು, ತಾಯಿಯ ಹೆಗಲ ಮೇಲೆ ಕೈಯಿಟ್ಟುಕೊಂಡು. ಬೆರಳ ತುದಿಗಳು ಸೇಂಗಾ ಸಿಪ್ಪೆಗೆ ಒಡೆದಿದ್ದವು.

“ಬರ್ರಿ,” ಎಂದೆ.

ತಾಯಿ ಮೊದಲ ಸಲ ಹೊಸ್ತಿಲು ದಾಟಿ ನನ್ನೆದುರು ಒಳಗೆ ಬಂದಳು. ಡಬ್ಬಿಯನ್ನು ತೊಳೆದಳು, ಒರೆಸಿದಳು, ವಿಭೂತಿ ಎಳೆದಳು. ನಾನು ಬೇಡ ಎನ್ನಲಿಲ್ಲ. ಇನ್ನು ಬೇಡ ಎಂದು ಏನಾಗಬೇಕಿತ್ತು? ಮುಚ್ಚಳದ ಗುಂಡಿ ತುಕ್ಕು ಹಿಡಿದು ಬಿಗಿಯಾಗಿತ್ತು, ಆಕೆ ಒತ್ತಿದರೆ ಇಳಿಯಲಿಲ್ಲ. ಹುಡುಗಿ ನನ್ನ ಕಡೆ ಮುಖ ತಿರುಗಿಸಿದಳು.

“ತಗದು ಕೊಡ್ರಿ ಸರ,” ಎಂದಳು.

ನಾನು ಗಟ್ಟಿಯಾಗಿ ಒತ್ತಿದೆ. ಮುಚ್ಚಳ ತೆರೆಯಿತು. ತಾಯಿ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಒಳಗಿಟ್ಟಳು. ಮಗಳ ಒಡೆದ ಬೆರಳುಗಳು ತಡಕಾಡಿ ಮುಚ್ಚಳ ಹುಡುಕಿ, ಹೋಳಿಗೆಯ ಮೇಲೆ ಮೆಲ್ಲಗೆ ಅದನ್ನು ಮುಚ್ಚಿದವು.

“ಹ್ವಾದ ವರ್ಷ ಬೆಲ್ಲ ಕಡಿಮಿ ಬಿದ್ದಿತ್ರಿ ಸರ,” ಎಂದಳು ತಾಯಿ, ಕೈ ಮುಗಿದುಕೊಂಡೇ. “ಈ ಸಲ ಜಗ್ಗಿ ಹಾಕೀನಿ.”